ಬೇಸಗೆಯ ಬಾಯಾರಿಕೆಗೆ ಮನೆಯ ಮಂಜುಪಾನಕ

ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆ. ಅಂಗಳದ ಕಲ್ಲು ದೋಸೆಯ ಹೆಂಚಿನಂತೆ ಕಾದಿದೆ. ವಿದ್ಯುತ್ತು ಹೋಗಿ ಫ್ಯಾನು ನಿಂತಿದೆ. ಊಟ ಮುಗಿಸಿದ ಹಿರಿಯರು ಬೀಸಣಿಗೆಯನ್ನು ಕೈಯಲ್ಲಿ ಹಿಡಿದೇ ತೂಕಡಿಸುತ್ತಿದ್ದಾರೆ. ಸರಿಯಾಗಿ ಆ ಹೊತ್ತಿಗೆ ಬೀದಿಯ ತಿರುವಿನಲ್ಲಿ ಕಿಣಿಕಿಣಿ ಗಂಟೆಯ ಸದ್ದು! ಅದನ್ನು ಮೊದಲು ಹಿಡಿಯುವುದು ಮಕ್ಕಳ ಕಿವಿ. ರಜೆಗೆಂದು ಬಂದಿರುವ ಅಕ್ಕನ ಮಕ್ಕಳು, ತಮ್ಮನ ಮಕ್ಕಳು, ಎಲ್ಲರೂ ಅಡುಗೆಮನೆಯ ಬಾಗಿಲಿಗೆ ಮುತ್ತಿಗೆ ಹಾಕಿ, "ಅಮ್ಮಾ, ಐಸ್‌ಕ್ಯಾಂಡಿ!" "ಅತ್ತೆ, ನನಗೂ!" ಎಂದು ಕೈ ಚಾಚುತ್ತಾರೆ.

ಆಗ ಗೃಹಿಣಿಯದು ಇಬ್ಬಂದಿ. ಕೊಡಿಸದಿದ್ದರೆ ಮಕ್ಕಳ ಮುಖ ಬಾಡುತ್ತದೆ; ಕೊಡಿಸಿದರೆ ತನ್ನ ಮನಸ್ಸಿಗೆ ನೆಮ್ಮದಿಯಿಲ್ಲ. ಆ ಕೆಂಪು ಬಣ್ಣ ಯಾವ ಡಬ್ಬಿಯದೋ, ಆ ನೀರು ಯಾವ ಕೊಳಾಯಿಯದೋ, ಬಲ್ಲವರಾರು? "ಮಂಜು ಕಟ್ಟಿದ ಮೇಲೆ ಕ್ರಿಮಿ ಎಲ್ಲಿ ಉಳಿದೀತು?" ಎಂದು ಸಮಾಧಾನ ಹೇಳುವವರೂ ಉಂಟು. ಈ ಸಮಾಧಾನವನ್ನು ನಂಬಬಾರದು. ಕುದಿಸಿದರೆ ಸಾಯುವ ರೋಗಾಣುಗಳು ಹೆಪ್ಪುಗಟ್ಟಿಸಿದರೆ ಸಾಯುವುವೆಂಬ ಭರವಸೆಯಿಲ್ಲ. ಅವುಗಳಲ್ಲಿ ಹಲವು ಮಂಜಿನೊಳಗೆ ನಿದ್ದೆ ಹೋಗಿದ್ದು, ಮಂಜು ಕರಗಿದೊಡನೆ ಎಚ್ಚೆತ್ತುಕೊಳ್ಳುತ್ತವೆ. ವಿಷಮಶೀತಜ್ವರದ ರೋಗಾಣುವೂ ಈ ಜಾತಿಗೆ ಸೇರಿದ್ದು. ಮೀನು ಮೊದಲಾದುವನ್ನು ಕೆಡದಂತೆ ಇಡಲು ತಯಾರಿಸಿದ ಮಂಜುಗಡ್ಡೆ ಪಾನೀಯದ ಲೋಟಕ್ಕೆ ಬಂದು ಬೀಳುವ ಅಪಾಯವನ್ನರಿತೇ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವು, ತಿನ್ನಲು ತಕ್ಕುದಲ್ಲದ ಮಂಜುಗಡ್ಡೆಗೆ ನೀಲಿ ಬಣ್ಣ ಸೇರಿಸತಕ್ಕದ್ದೆಂದು 2018ರ ಜೂನ್ 1ರಿಂದ ವಿಧಿಸಿತು. ಬಿಳಿಯದೆಲ್ಲ ಶುದ್ಧವೆಂದು ಇದರ ಅರ್ಥವಲ್ಲ. ಗಡ್ಡೆಯಲ್ಲಿ ನೀಲಿಯ ಛಾಯೆ ಕಂಡರೆ ಅದನ್ನು ಬಾಯಿಗೆ ಸೋಕಿಸಕೂಡದೆಂಬುದು ಮಾತ್ರ ನಿಶ್ಚಯ.

ಹಾಗಾದರೆ ಮಕ್ಕಳ ಆಸೆಗೆ ಏನು ಗತಿ? ಆಸೆ ತಪ್ಪಲ್ಲ. ಬೆಂಗಳೂರಿನಂಥ ತಂಪು ಊರಿನಲ್ಲಿಯೇ 2016ರ ಏಪ್ರಿಲ್ 24ರಂದು ಉಷ್ಣತೆ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು. ಅಲ್ಲಿಯ ಗತಿಯೇ ಹೀಗಾದರೆ ಕಲಬುರಗಿ, ರಾಯಚೂರು, ಬಳ್ಳಾರಿಯವರ ಪಾಡನ್ನು ಹೇಳತೀರದು. ತಣ್ಣನೆಯದೊಂದು ಬೇಕೆನಿಸುವುದು ಸಹಜವೇ. ಅದನ್ನು ಮನೆಯಲ್ಲೇ, ಕುದಿಸಿ ಆರಿಸಿದ ನೀರಿನಿಂದ, ಕಣ್ಣೆದುರಿನ ಹಣ್ಣಿನಿಂದ ಮಾಡಿಕೊಡುವುದು ಅಷ್ಟೇನೂ ಕಷ್ಟದ ಕೆಲಸವಲ್ಲ.

ಹಡಗಿನಲ್ಲಿ ಬಂದ ಮಂಜು

ತಂಪು ಪಾನೀಯವು ನಮಗೆ ಹೊಸದಲ್ಲ. ರಾಮನವಮಿಯ ದಿನ ಬೆಲ್ಲ, ನಿಂಬೆ, ಏಲಕ್ಕಿ, ಶುಂಠಿ, ಮೆಣಸುಗಳ ಪಾನಕವನ್ನು ದಾರಿಹೋಕರಿಗೆಲ್ಲ ಹಂಚುವ ನಾಡು ನಮ್ಮದು. ಕರಬೂಜದ ಪಾನಕ, ಬೇಲದ ಹಣ್ಣಿನ ಪಾನಕ, ಕರಾವಳಿಯ ಪುನರ್ಪುಳಿ ಶರಬತ್ತು, ಇವುಗಳನ್ನು ಹೊಸ ಮಣ್ಣಿನ ಹೂಜಿಯ ನೀರಿನಲ್ಲಿ ಕಲಸಿ ಕುಡಿದವರು ನಮ್ಮ ಹಿರಿಯರು. ಆದರೆ ಮಂಜು ಬಹುಕಾಲ ಅರಸರ ಭೋಗವಾಗಿತ್ತು. ಪೆಟ್ಲುಪ್ಪನ್ನು ನೀರಿನಲ್ಲಿ ಕರಗಿಸಿ, ಆ ನೀರಿನಲ್ಲಿ ಪಾತ್ರೆಯನ್ನು ಆಡಿಸಿ ಕುಡಿಯುವ ನೀರನ್ನು ತಣಿಸುತ್ತಿದ್ದ ಕ್ರಮವನ್ನೂ, ಬೆಟ್ಟದ ಮಂಜನ್ನು ಲಾಹೋರಿಗೆ ತರಿಸುತ್ತಿದ್ದ ಬಗೆಯನ್ನೂ ಅಬುಲ್ ಫಜಲ್ 'ಐನ್-ಇ-ಅಕ್ಬರಿ'ಯಲ್ಲಿ ವರ್ಣಿಸಿದ್ದಾನೆ.

ಇದಕ್ಕಿಂತಲೂ ಸೋಜಿಗದ ಸಂಗತಿ 1833ರಲ್ಲಿ ನಡೆಯಿತು. ಅಮೆರಿಕದ ಬಾಸ್ಟನ್ ನಗರದ ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನು ಅಲ್ಲಿಯ ಕೆರೆಗಳಲ್ಲಿ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಮಂಜನ್ನು ಕೊಯ್ಯಿಸಿ, 180 ಟನ್ನುಗಳಷ್ಟನ್ನು 'ಟಸ್ಕನಿ' ಎಂಬ ಹಡಗಿನಲ್ಲಿ ಕಲ್ಕತ್ತೆಗೆ ಕಳುಹಿಸಿದ. ನಾಲ್ಕು ತಿಂಗಳು ಕಡಲಿನ ಮೇಲೆ, ಸಮಭಾಜಕ ವೃತ್ತವನ್ನು ಎರಡು ಸಲ ದಾಟಿ ಬಂದರೂ, ಸುಮಾರು 100 ಟನ್ನು ಉಳಿದಿತ್ತು! ಅದನ್ನು ಕಾಪಾಡಿದ್ದು ಯಾವ ಯಂತ್ರವೂ ಅಲ್ಲ, ಮರದ ಹೊಟ್ಟು. ಇದೇ ವ್ಯಾಪಾರಕ್ಕಾಗಿ ಮದರಾಸಿನ ಕಡಲ ದಂಡೆಯಲ್ಲಿ ಕಟ್ಟಿದ 'ಐಸ್ ಹೌಸ್' ಇಂದಿಗೂ ನಿಂತಿದೆ. 1897ರಲ್ಲಿ ಪಶ್ಚಿಮ ದೇಶಗಳಿಂದ ಹಿಂದಿರುಗಿದ ಸ್ವಾಮಿ ವಿವೇಕಾನಂದರು ಅಲ್ಲಿ ಕೆಲವು ದಿನ ತಂಗಿದ್ದರಿಂದ ಅದಕ್ಕೀಗ ಅವರದೇ ಹೆಸರು. ಅಂದು ಕಡಲು ದಾಟಿ ಬರಬೇಕಾಗಿದ್ದ ವಸ್ತು ಇಂದು ಅಡುಗೆಮನೆಯ ಮೂಲೆಯ ರೆಫ್ರಿಜರೇಟರಿನಲ್ಲಿ ತಾನಾಗಿ ಹುಟ್ಟುತ್ತದೆ. ನಾವಾದರೋ ಅದನ್ನು ನೀರಿನ ಲೋಟಕ್ಕೆ ಹಾಕಿಕೊಳ್ಳುವುದಕ್ಕಷ್ಟೆ ಬಳಸುತ್ತೇವೆ.

ಐಸ್‌ಕ್ಯಾಂಡಿ ಕಲಿಸುವ ಪಾಠ

ಮಂಜುಪಾನಕವೆಂದರೆ ಗಟ್ಟಿ ಗಡ್ಡೆಯೂ ಅಲ್ಲ, ಬರಿಯ ತಣ್ಣನೆಯ ರಸವೂ ಅಲ್ಲ. ಚಮಚಕ್ಕೆ ಸಿಕ್ಕುವಷ್ಟು ಗಟ್ಟಿಯಾಗಿ, ಬಾಯಲ್ಲಿಟ್ಟೊಡನೆ ಕರಗುವಷ್ಟು ಮೆತ್ತಗೆ, ಹೊಸ ಹರಳುಪ್ಪಿನಂತೆ ಮಿನುಗುವ ಪದಾರ್ಥ. ಇದನ್ನು ಮನೆಯಲ್ಲಿ ಮಾಡಲು ಹೊರಟವರು ಮೊದಲ ಸಲ ಸೋಲುವುದೇ ಹೆಚ್ಚು. ರಸವನ್ನು ಡಬ್ಬಿಯಲ್ಲಿ ತುಂಬಿ ರಾತ್ರಿ ಫ್ರೀಜರಿನಲ್ಲಿಟ್ಟರೆ ಬೆಳಗ್ಗೆ ಸಿಕ್ಕುವುದು ಕಲ್ಲು. ಅದನ್ನು ಒಡೆಯಲು ಹೋಗಿ ಚಮಚದ ಕತ್ತು ಮುರಿದ ಮನೆಗಳು ಎಷ್ಟೋ!

ಹೀಗೇಕಾಗುತ್ತದೆ? ಇದರ ಉತ್ತರವನ್ನು ಪ್ರತಿಯೊಂದು ಮಗುವೂ ಬಲ್ಲದು. ಐಸ್‌ಕ್ಯಾಂಡಿಯನ್ನು ಚೀಪಿದಾಗ ಮೊದಲು ಬಣ್ಣವೂ ಸಿಹಿಯೂ ಬಾಯಿಗೆ ಬಂದುಬಿಡುತ್ತವೆ. ಕೊನೆಗೆ ಕಡ್ಡಿಯಲ್ಲಿ ಉಳಿಯುವುದು ಸಪ್ಪೆಯಾದ ಬಿಳಿಯ ಮಂಜು. ಸಿಹಿನೀರನ್ನು ತಣಿಸುತ್ತ ಹೋದಾಗ ಮೊದಲು ಹರಳುಗಟ್ಟುವುದು ನೀರು ಮಾತ್ರ. ಸಕ್ಕರೆ ಉಳಿದ ನೀರಿನಲ್ಲಿಯೇ ನಿಲ್ಲುತ್ತದೆ. ಹರಳು ಹೆಚ್ಚಿದಂತೆಲ್ಲ ಉಳಿದ ದ್ರವ ಇನ್ನಷ್ಟು ಸಿಹಿಯಾಗುತ್ತದೆ; ಸಿಹಿ ಹೆಚ್ಚಿದಂತೆಲ್ಲ ಅದು ಹೆಪ್ಪುಗಟ್ಟಲು ಇನ್ನಷ್ಟು ಚಳಿ ಬೇಕಾಗುತ್ತದೆ. ಆದುದರಿಂದಲೇ ಹರಳುಗಳ ನಡುವೆ ಕೊಂಚ ಪಾಕ ದ್ರವವಾಗಿಯೇ ಉಳಿದು, ಮಂಜನ್ನು ಮೆತ್ತಗಿಡುತ್ತದೆ. ಚೀಪಿದಾಗ ಬಾಯಿಗೆ ಬರುವುದು ಇದೇ ಪಾಕ.

ಇದರಿಂದ ಎರಡು ಸೂತ್ರಗಳು ಹೊರಡುತ್ತವೆ. ಮೊದಲನೆಯದು: ಸಕ್ಕರೆ ತೀರ ಕಡಮೆಯಾದರೆ ಕಲ್ಲು, ತೀರ ಹೆಚ್ಚಾದರೆ ಗಂಜಿ. ಹಣ್ಣಿನ ಸ್ವಂತ ಸಿಹಿಯೂ ಸೇರಿ, ನೂರು ಗ್ರಾಂ ಪಾನಕದಲ್ಲಿ 13ರಿಂದ 16 ಗ್ರಾಂ ಸಕ್ಕರೆಯಿದ್ದರೆ ಹದ ಸರಿಯಾಗುತ್ತದೆ. ತಣ್ಣಗಾದ ಪದಾರ್ಥದ ಸಿಹಿ ನಾಲಗೆಗೆ ಮಂದವಾಗಿ ತೋರುವುದರಿಂದ, ಬೆಚ್ಚಗಿರುವಾಗ ರುಚಿ ನೋಡಿದರೆ ಸಿಹಿ ಒಂದು ಕೈ ಮುಂದಾಗಿಯೇ ಇರಬೇಕು. ಎರಡನೆಯದು: ಹರಳುಗಳನ್ನು ಸುಮ್ಮನೆ ಬೆಳೆಯಗೊಡಬಾರದು. ಆಗಾಗ ಕೆದಕಿದರೆ ಅವು ಮರಳಿನಂತೆ ಸಣ್ಣಗೆ ಉಳಿಯುತ್ತವೆ. ಬಿಟ್ಟರೆ ಒಂದಕ್ಕೊಂದು ಬೆಸೆದು ಬಂಡೆಯಾಗುತ್ತವೆ.

ಮೂರು ವಿಧಾನಗಳು

ತಟ್ಟೆಯ ವಿಧಾನ: ಅಗಲವಾದ ಸ್ಟೀಲ್ ತಟ್ಟೆಯಲ್ಲಿ ಪಾನಕವನ್ನು ಒಂದು ಅಂಗುಲಕ್ಕಿಂತ ಹೆಚ್ಚು ಎತ್ತರವಾಗದಂತೆ ಸುರಿದು ಫ್ರೀಜರಿನಲ್ಲಿಡಿ. ಮುಕ್ಕಾಲು ಗಂಟೆಯ ಮೇಲೆ ಅಂಚುಗಳು ಬೆಳ್ಳಗಾಗತೊಡಗುತ್ತವೆ. ಮುಳ್ಳುಚಮಚದಿಂದ ಅಂಚನ್ನು ಕೆದಕಿ ನಡುವಿಗೆ ತನ್ನಿ. ಅನಂತರ ಅರ್ಧ ಗಂಟೆಗೊಮ್ಮೆ ಹೀಗೆಯೇ ಮಾಡಿದರೆ ಮೂರು-ನಾಲ್ಕು ಗಂಟೆಗಳಲ್ಲಿ ತಟ್ಟೆಯ ತುಂಬ ಹುಡಿಹುಡಿಯಾದ ಮಂಜು ಸಿದ್ಧ. ಈ ಕೆಲಸವನ್ನು ಮಕ್ಕಳಿಗೇ ಒಪ್ಪಿಸಬಹುದು. ಆದರೆ ಗಂಟೆಗೆ ಹತ್ತು ಸಲ ಬಾಗಿಲು ತೆರೆದರೆ ತಂಪೆಲ್ಲ ಹೊರಗೆ ಹೋಗುವುದೆಂದು ಮೊದಲೇ ತಿಳಿಸಿರಬೇಕು.

ಬಿಲ್ಲೆಯ ವಿಧಾನ: ಹಣ್ಣಿನ ತಿರುಳನ್ನೇ ಮಂಜಿನ ಅಚ್ಚಿನಲ್ಲಿ ಹೆಪ್ಪುಗಟ್ಟಿಸಿಡಿ. ಬೇಕಾದಾಗ ಹೊರತೆಗೆದು ಐದು ನಿಮಿಷ ಬಿಟ್ಟು, ಮಿಕ್ಸಿಯ ಜಾಡಿಗೆ ಅರ್ಧದವರೆಗೆ ಮಾತ್ರ ತುಂಬಿ, ಮುಳುಗದಷ್ಟು ತಣ್ಣೀರನ್ನೋ ಹಾಲನ್ನೋ ಸೇರಿಸಿ, ತಿರುಗಿಸುತ್ತ ನಿಲ್ಲಿಸುತ್ತ ಒಂದು ನಿಮಿಷದಲ್ಲಿ ಅರೆಯಿರಿ. ರಸಕ್ಕೆ ನೀರಿನ ಮಂಜನ್ನು ಹಾಕಿ ಅರೆದರೆ ರುಚಿ ತೆಳುವಾಗುತ್ತದೆ. ಹಣ್ಣೇ ಮಂಜಾದರೆ ಆ ದೋಷವಿಲ್ಲ. ನೆಂಟರು ಹೇಳದೆ ಬಂದ ಹೊತ್ತಿಗೆ ಇದಕ್ಕಿಂತ ಸುಲಭವಾದ ಉಪಚಾರ ಇನ್ನೊಂದಿಲ್ಲ.

ಉಪ್ಪಿನ ವಿಧಾನ: ಫ್ರೀಜರ್ ಇಲ್ಲದವರೂ, ವಿದ್ಯುತ್ತನ್ನು ನಂಬಲಾರದವರೂ ನಿರಾಶರಾಗಬೇಕಿಲ್ಲ. ಫಿಲಡೆಲ್ಫಿಯದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ 1843ರಲ್ಲಿ ಕೈಯಿಂದ ತಿರುಗಿಸುವ ಐಸ್‌ಕ್ರೀಮ್ ಯಂತ್ರಕ್ಕೆ ಹಕ್ಕುಪತ್ರ ಪಡೆದಳು. ಅದರ ಗುಟ್ಟು ಮಂಜು ಮತ್ತು ಉಪ್ಪು, ಅಷ್ಟೆ. ಉಪ್ಪು ಬಿದ್ದ ಮಂಜು ಸೊನ್ನೆ ಡಿಗ್ರಿಗಿಂತ ಕೆಳಗೂ ಕರಗುತ್ತದೆ. ಒಂದು ಗ್ರಾಂ ಮಂಜು ಕರಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಅದನ್ನು ಪಕ್ಕದ ಪಾನಕದಿಂದಲೇ ಹೀರಿಕೊಳ್ಳುವುದರಿಂದ ಪಾನಕ ಹೆಪ್ಪುಗಟ್ಟುತ್ತದೆ. ಈ ಮಿಶ್ರಣದ ಉಷ್ಣತೆ ಸೊನ್ನೆಯ ಕೆಳಗೆ 21 ಡಿಗ್ರಿಯವರೆಗೂ ಇಳಿಯಬಲ್ಲದು. ಅರ್ಧ ಲೀಟರು ಪಾನಕಕ್ಕೆ ಎರಡು ಕಿಲೋ ಪುಡಿಮಾಡಿದ ಮಂಜು, 600 ಗ್ರಾಂ ಕಲ್ಲುಪ್ಪು ಸಾಕು. ಬಕೆಟ್ಟಿಗೆ ಗೋಣಿ ಸುತ್ತಿ, ಒಳಗೆ ಮಂಜು, ಉಪ್ಪುಗಳನ್ನು ಪದರಪದರವಾಗಿ ಹಾಕಿ, ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬಿಯಲ್ಲಿ ಮೂರರಲ್ಲಿ ಎರಡು ಪಾಲು ಪಾನಕ ತುಂಬಿ ನಡುವೆ ಇಳಿಸಿ, ಅತ್ತಿಂದಿತ್ತ ತಿರುಗಿಸುತ್ತಿರಿ. ಐದು ನಿಮಿಷಕ್ಕೊಮ್ಮೆ ಮುಚ್ಚಳವನ್ನು ಚೆನ್ನಾಗಿ ಒರೆಸಿ ತೆರೆದು, ಒಳಗೋಡೆಗೆ ಅಂಟಿದ ಹರಳನ್ನು ಕೆರೆಯಿರಿ. ಅರ್ಧ ಗಂಟೆಯೊಳಗೆ ಕೆಲಸ ಮುಗಿಯುತ್ತದೆ. ಉಪ್ಪುಮಂಜನ್ನು ಬರಿಗೈಯಿಂದ ಹಿಡಿಯಬಾರದು, ಚರ್ಮ ಸುಟ್ಟಂತಾಗುತ್ತದೆ. ಹೊರಗಿನ ಮಂಜೂ ತಿನ್ನಲು ಯೋಗ್ಯವಾದದ್ದೇ ಇರಲಿ. ಒಂದು ಹನಿ ಒಳಗೆ ಬಿದ್ದರೂ ಆಗ ಅಂಜಿಕೆಯಿಲ್ಲ.

ಹಣ್ಣಿಗೊಂದು ಹದ

ರಾಮನವಮಿಯ ಪಾನಕ: 150 ಗ್ರಾಂ ಬೆಲ್ಲವನ್ನು ಒಂದು ಲೋಟ ನೀರಿನಲ್ಲಿ ಕುದಿಸಿ, ಬಟ್ಟೆಯಲ್ಲಿ ಸೋಸಿ, ಆರಿದ ಮೇಲೆ ಒಟ್ಟು ಒಂದು ಲೀಟರಾಗುವಷ್ಟು ಕುದಿಸಿ ಆರಿಸಿದ ನೀರು ಬೆರೆಸಿ. ಮೂರು ನಿಂಬೆಹಣ್ಣಿನ ರಸ, ಅರ್ಧ ಚಮಚ ಒಣಶುಂಠಿ ಪುಡಿ, ನಾಲ್ಕು ಏಲಕ್ಕಿ, ಚಿಟಿಕೆ ಮೆಣಸಿನ ಪುಡಿ (ಕರಿಮೆಣಸಿನದು), ಚಿಟಿಕೆ ಉಪ್ಪು. ಬೆಲ್ಲ ಬಿಸಿಯಾಗಿರುವಾಗ ನಿಂಬೆ ಹಿಂಡಿದರೆ ಪರಿಮಳ ಹಾರಿಹೋಗುತ್ತದೆ. ತಟ್ಟೆಯ ವಿಧಾನಕ್ಕೆ ಇದು ಬಹು ಚೆನ್ನ. ಸಣ್ಣ ಲೋಟಗಳಲ್ಲಿ ಎಂಟು ಮಂದಿಗೆ ಸಾಕಾಗುತ್ತದೆ.

ಕರಬೂಜ: ಚೆನ್ನಾಗಿ ಹಣ್ಣಾದ, ತೊಟ್ಟಿನ ಬಳಿ ಘಮಘಮಿಸುವ ಹಣ್ಣನ್ನು ಆರಿಸಿ. ಕತ್ತರಿಸುವ ಮುಂಚೆ ಸಿಪ್ಪೆಯನ್ನು ಉಜ್ಜಿ ತೊಳೆಯಬೇಕು. ಇಲ್ಲದಿದ್ದರೆ ಅದರ ಬಿರುಕುಗಳಲ್ಲಿ ಅಡಗಿದ ಮಣ್ಣನ್ನು ಚಾಕುವೇ ತಿರುಳಿಗೆ ಮುಟ್ಟಿಸುತ್ತದೆ. 600 ಗ್ರಾಂ ತಿರುಳಿಗೆ 50 ಗ್ರಾಂ ಬೆಲ್ಲದ ಪುಡಿ, ಅರ್ಧ ನಿಂಬೆ, ಏಲಕ್ಕಿ. ಬಿಲ್ಲೆಯ ವಿಧಾನ.

ಮಾವು: ರಸಪುರಿ ಈ ಕೆಲಸಕ್ಕೆಂದೇ ಹುಟ್ಟಿದ ಹಣ್ಣು. ಬಾದಾಮಿಯಾದರೆ ಪರಿಮಳ ಇನ್ನೂ ಮಿಗಿಲು, ಬೆಲೆಯೂ ಮಿಗಿಲು. ಮಾವು ತಾನೇ ಸಿಹಿಯಾದುದರಿಂದ ಅರ್ಧ ಕಿಲೋ ತಿರುಳಿಗೆ ಒಂದು ದೊಡ್ಡ ಚಮಚ ಸಕ್ಕರೆ ಸಾಕು. ಬಿಲ್ಲೆಗಳನ್ನು ಅರೆಯುವಾಗ ಒಂದು ಲೋಟ ಕಾಯಿಸಿ ಆರಿಸಿದ ಹಾಲು ಸೇರಿಸಿದರೆ ಸೀಕರಣೆಯನ್ನು ನೆನಪಿಗೆ ತರುವ ಮಂಜು.

ನೀಲಿ ದ್ರಾಕ್ಷಿ: ಬೆಂಗಳೂರು ನೀಲಿ ದ್ರಾಕ್ಷಿಯನ್ನು ಹುಳಿಯೆಂದು ಮೂಗು ಮುರಿಯುವವರು ಅದರ ಮಂಜನ್ನೊಮ್ಮೆ ಸವಿಯಬೇಕು. ಅರ್ಧ ಕಿಲೋ ದ್ರಾಕ್ಷಿಯನ್ನು ಅರ್ಧ ಲೋಟ ನೀರಿನೊಡನೆ ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬೇಯಿಸಿದರೆ ಸಿಪ್ಪೆ ಒಡೆದು ಬಣ್ಣ ಬಿಡುತ್ತದೆ. ಬೀಜ ಅರೆಯದಂತೆ ಸೋಸಿ, 40 ಗ್ರಾಂ ಸಕ್ಕರೆ ಕರಗಿಸಿ, ಆರಿಸಿ ತಟ್ಟೆಗೆ ಸುರಿಯಿರಿ. ಬಾಟಲಿಯ ಯಾವ ಬಣ್ಣವೂ ಈ ನೇರಳೆಯನ್ನು ಸರಿಗಟ್ಟಲಾರದು.

ಪುನರ್ಪುಳಿ: ಮಲೆನಾಡಿನವರು ಮುರುಗಲು ಎನ್ನುವುದೂ ಇದನ್ನೇ. 50 ಗ್ರಾಂ ಒಣಸಿಪ್ಪೆಯನ್ನು ಅರ್ಧ ಲೀಟರು ಬಿಸಿನೀರಿನಲ್ಲಿ ಎರಡು ಗಂಟೆ ನೆನೆಸಿ ಹಿಸುಕಿ ಸೋಸಿ, 90 ಗ್ರಾಂ ಸಕ್ಕರೆ, ಚಿಟಿಕೆ ಉಪ್ಪು, ಹುರಿದ ಜೀರಿಗೆಯ ಪುಡಿ ಸೇರಿಸಿ.

ಕಲ್ಲಂಗಡಿ: ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಪಾಲು ನೀರೇ ಇರುವ ಹಣ್ಣು. ಬೀಜ ತೆಗೆದ ಹೋಳುಗಳನ್ನು ಹಾಗೆಯೇ ಹೆಪ್ಪುಗಟ್ಟಿಸಿ, ನಿಂಬೆ, ಪುದೀನ, ಉಪ್ಪು, ಕರಿಮೆಣಸು ಸೇರಿಸಿ ಅರೆದರೆ ಬೇರೆ ಸಕ್ಕರೆಯ ಅಗತ್ಯವೇ ಇಲ್ಲ. ಅರೆದೊಡನೆ ಕುಡಿಯಬೇಕು, ಅಷ್ಟೆ.

ಅನಾನಸಿನ ವಿಷಯದಲ್ಲಿ ಒಂದು ಮಾತು. ಹಸಿ ಅನಾನಸಿನಲ್ಲಿರುವ ಒಂದು ಕಿಣ್ವ ಹಾಲಿನ ಸಸಾರಜನಕವನ್ನು ಒಡೆಯುವುದರಿಂದ ಹಾಲು ಕಹಿಯಾಗುತ್ತದೆ. ಹಾಲು, ಮೊಸರು ಸೇರಿಸುವುದಾದರೆ ಹೋಳುಗಳನ್ನು ಮೊದಲು ಹತ್ತು ನಿಮಿಷ ಬೇಯಿಸಿ ಆರಿಸಬೇಕು. ಪಪ್ಪಾಯಿಗೂ ಇಂಥದೇ ಸ್ವಭಾವವುಂಟು.

ಅತಿಯಾಗದಿರಲಿ

ಮನೆಯಲ್ಲಿ ಮಾಡಿದ್ದೆಂದ ಮಾತ್ರಕ್ಕೆ ಮಿತಿಯನ್ನು ಮರೆಯಬಾರದು. ಹಣ್ಣಿನ ಹೊರತಾಗಿ ಸೇರಿಸುವ ಸಕ್ಕರೆ, ಬೆಲ್ಲ, ಜೇನು, ಹಿಂಡಿದ ಹಣ್ಣಿನ ರಸದ ಸಿಹಿ, ಎಲ್ಲವೂ ಕೂಡಿ ದಿನದ ಶಕ್ತಿಯ ಹತ್ತನೆಯ ಒಂದು ಪಾಲಿಗಿಂತ ಕಡಮೆಯಿರಬೇಕೆಂದೂ, ಇಪ್ಪತ್ತನೆಯ ಒಂದು ಪಾಲಿಗೆ ಇಳಿದರೆ ಇನ್ನೂ ಲೇಸೆಂದೂ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಲಹೆ ಮಾಡಿತು. ವಯಸ್ಕರಿಗೆ ಈ ಎರಡನೆಯ ಲೆಕ್ಕ ದಿನಕ್ಕೆ ಸುಮಾರು 25 ಗ್ರಾಂ. ಮೇಲೆ ಹೇಳಿದ ಪಾನಕದ ಸಣ್ಣ ಲೋಟವೊಂದರಲ್ಲಿಯೇ 19 ಗ್ರಾಂ ಬೆಲ್ಲವಿದೆ. ಆದುದರಿಂದ ಒಬ್ಬರಿಗೆ ಒಂದು ಲೋಟ, ಅದೂ ಸಣ್ಣದು. ಸಕ್ಕರೆ ಕಾಯಿಲೆಯಿರುವ ಅಜ್ಜ, ಅಜ್ಜಿಯರು ಮಕ್ಕಳ ನಡುವೆ ಬರಿಗೈಯಲ್ಲಿ ಕೂರಬೇಕಾಗಿಲ್ಲ. ನೆಲ್ಲಿಕಾಯಿ, ಶುಂಠಿ, ಕರಿಬೇವುಗಳನ್ನು ಅರೆದು ಸೇರಿಸಿದ ನೀರುಮಜ್ಜಿಗೆಯನ್ನು ಬಿಲ್ಲೆ ಕಟ್ಟಿಸಿ ಮಿಕ್ಸಿಯಲ್ಲಿ ತಿರುಗಿಸಿಕೊಟ್ಟರೆ ಅವರ ಲೋಟದಲ್ಲಿಯೂ ಮಂಜಿರುತ್ತದೆ.

ಸಕ್ಕರೆಯನ್ನು ಪೂರ್ತಿ ಬಿಟ್ಟು ಮೆತ್ತನೆಯ ಮಂಜು ಮಾಡಲು ಹೊರಟ ವ್ಯಾಪಾರಿಗಳ ಉಪಾಯವೊಂದು ವಿದೇಶದಲ್ಲಿ ಮಕ್ಕಳಿಗೆ ಕೇಡಾಗಿ ಪರಿಣಮಿಸಿತು. ಸಕ್ಕರೆಯ ಬದಲು ಗ್ಲಿಸರಾಲ್ ಸೇರಿಸಿದ ಮಂಜುಪಾನೀಯ ಕುಡಿದ ಎಳೆಯ ಮಕ್ಕಳಲ್ಲಿ ರಕ್ತದ ಸಕ್ಕರೆ ಕುಸಿದು ಮಂಪರು ಬಂದ ಪ್ರಸಂಗಗಳು ಕಂಡುವು. ಏಳು ವರ್ಷಕ್ಕಿಂತ ಕಿರಿಯ ಮಕ್ಕಳಿಗೆ ಅಂಥ ಪಾನೀಯ ಕೊಡಬಾರದೆಂದು ಬ್ರಿಟನ್ನಿನ ಆಹಾರ ಪ್ರಮಾಣ ಸಂಸ್ಥೆ 2025ರಲ್ಲಿ ತಿಳಿಸಿತು. 'ಸಕ್ಕರೆಯಿಲ್ಲ' ಎಂಬ ಚೀಟಿಯೊಂದನ್ನೇ ನೋಡಿ ಮಕ್ಕಳ ಕೈಗೆ ಏನನ್ನೂ ಕೊಡಲಾಗದು.

ಇನ್ನು ಕೆಲವು ಎಚ್ಚರಗಳು. ಒಮ್ಮೆ ಪೂರ್ತಿ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬೇಡಿ. ವಿದ್ಯುತ್ತು ಬಹಳ ಹೊತ್ತು ಹೋಗಿದ್ದರೆ ಹಾಲು ಬೆರೆತದ್ದನ್ನು ಚೆಲ್ಲುವುದೇ ಲೇಸು. ಬಿಲ್ಲೆಗಳನ್ನು ಮುಚ್ಚಿದ ಡಬ್ಬಿಯಲ್ಲಿಡಿ. ಇಲ್ಲವಾದರೆ ಮಾವಿನ ಮಂಜಿಗೆ ಈರುಳ್ಳಿಯ ವಾಸನೆ ಬರುತ್ತದೆ. ಒಂದು ವರ್ಷ ತುಂಬದ ಕೂಸಿಗೆ ಜೇನು ಸೇರಿದ ಯಾವುದನ್ನೂ ಕೊಡಬೇಡಿ. ವಾಂತಿಭೇದಿಯಾದ ಮಗುವಿಗೆ ಮಂಜುಪಾನಕ ಔಷಧವಲ್ಲ. ಆಗ ಬೇಕಾದುದು ಪುನರ್ಜಲೀಕರಣದ ಪುಡಿ. ಅದು ಸಿಕ್ಕುವವರೆಗೆ ಒಂದು ಲೀಟರು ಶುದ್ಧ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು ಕರಗಿಸಿದ ನೀರು. ಜೊತೆಗೆ ತಡಮಾಡದೆ ವೈದ್ಯರ ಸಲಹೆ.

ಇಷ್ಟೆಲ್ಲ ಮಾಡಿಟ್ಟ ಮೇಲೆ, ಮರುದಿನ ಮೂರು ಗಂಟೆಗೆ ಆ ಗಂಟೆಯ ಸದ್ದು ಕೇಳಿದಾಗ ಮಕ್ಕಳು ಬಾಗಿಲಿಗೆ ಓಡದೆ ಇರುವರೇ? ಓಡಿಯೇ ಓಡುವರು. ಬೀದಿಯಿಂದ ಬಂದುದಕ್ಕೆ ಅದರದೇ ಒಂದು ಸೆಳೆತವುಂಟು. ಆದರೆ ಒಳಗೆ ತಟ್ಟೆಯ ತುಂಬ ನೇರಳೆ ಮಂಜು ಕಾದಿದೆಯೆಂದೂ, ಅದನ್ನು ಕೆದಕಿದ್ದು ತಾವೇ ಎಂದೂ ನೆನಪಾದರೆ ಹಿಂದಿರುಗಿ ಬರುವರು. ಬರುವಾಗ ಗಾಡಿಯವನನ್ನೂ ಕರೆಯಲಿ. ಮಂಜಿನ ಪೆಟ್ಟಿಗೆಯನ್ನು ತಳ್ಳುತ್ತ ಹಗಲೆಲ್ಲ ಬಿಸಿಲಿನಲ್ಲಿ ಬೇಯುವವನು ಅವನು. ಪಾನಕವನ್ನು ದಾರಿಹೋಕರಿಗೆ ಹಂಚಿ ಕುಡಿಯುವುದು ನಮ್ಮ ಹಳೆಯ ಪದ್ಧತಿ. ಅವನಿಗೂ ಒಂದು ಲೋಟ ಸಲ್ಲಲಿ.